ಮನೆಯ ಲ್ಯಾಂಡ್‌ಲೈನ್ ಫೋನ್ ಬಳಸುವುದು ಹೇಗೆ: ಜೋಡಣೆಯಿಂದ ಫ್ಲ್ಯಾಶ್ ಬಟನ್ ತನಕ

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಇವತ್ತಿಗೂ ಅಂಗಳ ದಾಟಿ ಗುಡ್ಡ ಹತ್ತಬೇಕು. ಅಂಥ ಕಡೆ ವೈರ್ ಇರುವ ಫೋನೇ ಆಧಾರ. ಪೇಟೆಗಳಲ್ಲೂ ಈ ಫೋನ್ ಪೂರ್ತಿ ಹೋಗಿಲ್ಲ. ಫೈಬರ್ ಇಂಟರ್‌ನೆಟ್ ಹಾಕಿಸಿದರೆ ಬಹಳ ಕಡೆ ಜೊತೆಗೊಂದು ಲ್ಯಾಂಡ್‌ಲೈನ್ ನಂಬರನ್ನೂ ಕೊಡುತ್ತಾರೆ. ಮಕ್ಕಳು ಬೆಂಗಳೂರಲ್ಲೋ ದುಬೈನಲ್ಲೋ ಇದ್ದು, ಊರಲ್ಲಿ ಅಪ್ಪ-ಅಮ್ಮ ಇಬ್ಬರೇ ಇರುವ ಮನೆಗೆ ಇದು ತುಂಬಾ ಒಳ್ಳೆಯ ಸಾಧನ. ಚಾರ್ಜ್ ಮಾಡುವ ತಾಪತ್ರಯ ಇಲ್ಲ. ಎಲ್ಲಿಟ್ಟೆ ಎಂದು ಹುಡುಕಬೇಕಿಲ್ಲ. ರಿಂಗ್ ಆದರೆ ಎತ್ತಬೇಕು, ಮಾತಾಡಬೇಕು, ಇಡಬೇಕು. ಅಷ್ಟೇ.

ಆದರೆ ಸೆಟ್ಟಿನ ಮೇಲಿರುವ ಅಷ್ಟೊಂದು ಬಟನ್‌ಗಳಲ್ಲಿ ಜಾಸ್ತಿ ಜನ ಬಳಸುವುದು ಅಂಕಿಗಳನ್ನು ಮಾತ್ರ. ಉಳಿದವನ್ನು ಮುಟ್ಟಿದರೆ ಏನಾದರೂ ಕೆಡುತ್ತದೆ ಎಂಬ ಅಂಜಿಕೆ. ಪೆಟ್ಟಿಗೆಯೊಳಗೆ ಬರುವ ಪುಸ್ತಕವೂ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಇರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಫೋನಿಗೆ ದೊಡ್ಡ ಸ್ಕ್ರೀನ್ ಇಲ್ಲ. ಲೈನಿನಲ್ಲಿ ಏನಾಗುತ್ತಿದೆ ಎಂಬುದನ್ನು ಅದು ಸದ್ದಿನಲ್ಲೇ ಹೇಳುತ್ತದೆ. ಆ ನಾಲ್ಕೈದು ಸದ್ದು ಗುರುತು ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಮೊದಲು ಕಿವಿ, ಆಮೇಲೆ ಬೆರಳು.

ಮೊದಲು ಜೋಡಣೆ

ಹೊಸ ಸೆಟ್ಟಿನ ಜೊತೆ ಎರಡು ವೈರ್ ಬರುತ್ತವೆ. ಸುರುಳಿ ಸುರುಳಿ ಇರುವುದು ರಿಸೀವರಿನದು. ನೇರವಾಗಿ, ಚಪ್ಪಟೆಯಾಗಿ ಇರುವುದು ಲೈನಿನದು. ಎರಡರ ತುದಿಯ ಪಿನ್‌ಗಳೂ ನೋಡಲು ಒಂದೇ ಥರ ಕಂಡರೂ ಅಳತೆ ಬೇರೆ. ಸುರುಳಿ ವೈರಿನ ಪಿನ್ ಚಿಕ್ಕದು, ಲೈನ್ ವೈರಿನದು ಸ್ವಲ್ಪ ಅಗಲ. ಹಾಗಾಗಿ ಬಲವಂತ ಮಾಡಿ ತುರುಕಬೇಡಿ. ಸರಿಯಾದ ಜಾಗಕ್ಕೆ ಹೋದರೆ ಪಿನ್ ‘ಟಿಕ್’ ಎನ್ನುತ್ತದೆ. ಆ ಸದ್ದು ಕೇಳದಿದ್ದರೆ ಪಿನ್ ಪೂರ್ತಿ ಕೂತಿಲ್ಲ ಎಂದೇ ಅರ್ಥ.

ಸುರುಳಿ ವೈರಿನ ಒಂದು ತುದಿ ರಿಸೀವರಿನ ಕೆಳಗೆ, ಇನ್ನೊಂದು ಸೆಟ್ಟಿನ ಎಡ ಬದಿಗೆ. ಲೈನ್ ವೈರಿನ ಒಂದು ತುದಿ ಸೆಟ್ಟಿನ ಹಿಂದೆ. ಉಳಿದ ತುದಿಯನ್ನು ಎಲ್ಲಿಗೆ ಹಾಕಬೇಕು ಎಂಬುದು ನಿಮ್ಮ ಲೈನ್ ಯಾವುದು ಎಂಬುದರ ಮೇಲೆ ಹೋಗುತ್ತದೆ.

ಹಳೆಯ ತಾಮ್ರದ ಲೈನ್ ಆದರೆ ಗೋಡೆಗೆ ಒಂದು ಪುಟ್ಟ ಬಿಳಿ ಡಬ್ಬಿ ಹೊಡೆದಿರುತ್ತಾರೆ. ಅದನ್ನು ಲೈನ್‌ಮ್ಯಾನ್‌ಗಳು ರೋಸೆಟ್ ಬಾಕ್ಸ್ ಎನ್ನುತ್ತಾರೆ. ಪಿನ್ ಅಲ್ಲಿಗೆ ಹಾಕಿ. ಅದೇ ತಾಮ್ರದ ಲೈನಿನಲ್ಲಿ ಬ್ರಾಡ್‌ಬ್ಯಾಂಡ್ ಕೂಡ ಇದ್ದರೆ ನಡುವೆ ಸ್ಪ್ಲಿಟರ್ ಎಂಬ ಚಿಕ್ಕ ಡಬ್ಬಿ ಇರುತ್ತದೆ. ಅದರಲ್ಲಿ ‘ಫೋನ್’ ಎಂದು ಬರೆದ ತೂತಿಗೇ ಹಾಕಬೇಕು. ಇಲ್ಲದಿದ್ದರೆ ಮಾತಿನ ಹಿಂದೆ ಸುಯ್ ಎನ್ನುವ ಸದ್ದು ತಪ್ಪುವುದಿಲ್ಲ.

ಫೈಬರ್ ಲೈನ್ ಆದರೆ ಗೋಡೆಯ ಹಳೆಯ ಡಬ್ಬಿ ಕೆಲಸಕ್ಕೆ ಬರುವುದಿಲ್ಲ. ಫೈಬರ್ ಬಂದು ಸೇರುವ, ದೀಪ ಮಿನುಗುವ ಪೆಟ್ಟಿಗೆಯ ಹಿಂಭಾಗ ನೋಡಿ. ಅಲ್ಲಿ ಇಂಟರ್‌ನೆಟ್ಟಿನ ಅಗಲ ತೂತುಗಳ ಪಕ್ಕ ಒಂದೋ ಎರಡೋ ಚಿಕ್ಕ ತೂತು ಇರುತ್ತವೆ. ಮೇಲೆ ‘ಫೋನ್’, ‘ಟೆಲ್’ ಅಥವಾ ‘ಪಾಟ್ಸ್’ ಎಂದು ಬರೆದಿರುತ್ತದೆ. ಫೋನಿನ ಪಿನ್ ಅಲ್ಲಿಗೆ ಹೋಗಬೇಕು. ಇಂಟರ್‌ನೆಟ್ಟಿನ ಅಗಲ ತೂತಿನಲ್ಲೂ ಫೋನಿನ ಪಿನ್ ಸಡಿಲವಾಗಿ ತೂರುತ್ತದೆ. ಅಲ್ಲಿ ಹಾಕಿ ‘ಫೋನ್ ಡೆಡ್’ ಎಂದು ದೂರು ಕೊಡುವವರು ಬಹಳ. ಎರಡು ಫೋನ್ ತೂತು ಇದ್ದರೆ ಮೊದಲನೆಯದರಲ್ಲಿ ಹಾಕಿ ನೋಡಿ, ಸದ್ದಿಲ್ಲದಿದ್ದರೆ ಎರಡನೆಯದು.

ಸ್ಕ್ರೀನ್ ಇರುವ ಸೆಟ್ ಆದರೆ ತಳದಲ್ಲಿ ಬ್ಯಾಟರಿ ಹಾಕುವ ಜಾಗ ಇರಬಹುದು. ಬ್ಯಾಟರಿ ಇಲ್ಲದೆಯೂ ಮಾತಾಡಬಹುದು. ಆದರೆ ಬಂದ ನಂಬರ್ ತೋರಿಸುವುದು, ಗಡಿಯಾರ, ಕೆಲವು ಸೆಟ್‌ಗಳಲ್ಲಿ ಸ್ಪೀಕರ್, ಇವೆಲ್ಲ ಬ್ಯಾಟರಿಯನ್ನೇ ನಂಬಿರುತ್ತವೆ. ಸ್ಕ್ರೀನ್ ಮಂಕಾದರೆ ಮೊದಲು ಬ್ಯಾಟರಿ ಬದಲಿಸಿ.

ಸದ್ದುಗಳ ಪರಿಚಯ

ಈಗ ರಿಸೀವರ್ ಎತ್ತಿ ಕಿವಿಗೆ ಹಿಡಿಯಿರಿ. ಯಾವ ಬಟನ್ನೂ ಒತ್ತಬೇಡಿ. ತಡೆಯಿಲ್ಲದೆ ‘ಗುಂಯ್’ ಎಂದು ಬರುವುದು ಡಯಲ್ ಟೋನ್. ‘ನಾನು ಸಿದ್ಧ, ನಂಬರ್ ಒತ್ತು’ ಎಂದು ಎಕ್ಸ್‌ಚೇಂಜ್, ಅಂದರೆ ಕಾಲುಗಳನ್ನು ಜೋಡಿಸುವ ಫೋನ್ ಕೇಂದ್ರ, ಹೇಳುವ ರೀತಿ ಇದು. ಈ ಸದ್ದು ಇದ್ದರೆ ಲೈನ್, ವೈರ್, ಸೆಟ್ ಮೂರೂ ಹೆಚ್ಚುಕಡಿಮೆ ಸರಿ ಇವೆ. ಡಯಲ್ ಟೋನ್ ಬರುವ ಮೊದಲೇ ಅಂಕಿ ಒತ್ತಲು ಶುರು ಮಾಡಿದರೆ ಮೊದಲ ಅಂಕಿ ತಪ್ಪಿಹೋಗಿ ರಾಂಗ್ ನಂಬರ್ ಆಗುತ್ತದೆ. ಅರ್ಧ ಕ್ಷಣ ಕಾಯುವ ಅಭ್ಯಾಸ ಮಾಡಿಕೊಳ್ಳಿ.

ಮೊದಲ ಅಂಕಿ ಒತ್ತಿದ ಕೂಡಲೇ ಡಯಲ್ ಟೋನ್ ನಿಲ್ಲಬೇಕು. ನಿಲ್ಲದೆ ಗುಂಯ್‌ಗುಟ್ಟುತ್ತಲೇ ಇದ್ದರೆ ನಿಮ್ಮ ಅಂಕಿ ಎಕ್ಸ್‌ಚೇಂಜಿಗೆ ತಲುಪುತ್ತಿಲ್ಲ. ಇದಕ್ಕೆ ಕಾರಣವಾಗಬಹುದಾದ ಒಂದು ಪುಟ್ಟ ಸ್ವಿಚ್ಚಿನ ವಿಷಯ ಮುಂದೆ ಬರುತ್ತದೆ.

ಕಾಲ್ ಹೋಗಿ ಆ ಕಡೆ ರಿಂಗ್ ಆಗುವಾಗ ನಮ್ಮ ದೇಶದಲ್ಲಿ ಜೋಡಿ ಸದ್ದು ಕೇಳುತ್ತದೆ. ‘ಟ್ರಿಂಗ್-ಟ್ರಿಂಗ್’, ಆಮೇಲೆ 2 ಸೆಕೆಂಡ್ ಮೌನ, ಮತ್ತೆ ‘ಟ್ರಿಂಗ್-ಟ್ರಿಂಗ್’. ಎಂಗೇಜ್ ಇದ್ದರೆ ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ, ಹೀಗೇ ಒಂದೇ ಲಯದಲ್ಲಿ ‘ಪೀಂ... ಪೀಂ... ಪೀಂ...’ ಎಂದು ಸಾಗುತ್ತದೆ. ಅದಕ್ಕಿಂತ ಮೂರು ಪಟ್ಟು ಬೇಗ ಬೇಗ ‘ಪಿ-ಪಿ-ಪಿ-ಪಿ’ ಎಂದರೆ ದಾರಿಯಲ್ಲಿ ಜಾಗ ಸಿಕ್ಕಿಲ್ಲ ಎಂದು ಅರ್ಥ. ಆ ಕಡೆಯವರ ಫೋನ್ ಬಿಡುವಾಗೇ ಇರಬಹುದು. ಇಟ್ಟು ಎರಡು ನಿಮಿಷ ಬಿಟ್ಟು ಮತ್ತೆ ಮಾಡಿ. ಎಂಗೇಜ್ ಸದ್ದಿಗೂ ಈ ಅವಸರದ ಸದ್ದಿಗೂ ಇರುವ ವ್ಯತ್ಯಾಸ ಮನೆಯ ಹಿರಿಯರಿಗೆ ಒಮ್ಮೆ ಹೇಳಿಕೊಡಿ. ‘ಮಗ ಯಾವಾಗ ನೋಡಿದ್ರೂ ಎಂಗೇಜು’ ಎಂದು ಸುಮ್ನೆ ಬೇಸರ ಮಾಡಿಕೊಳ್ಳುವುದು ತಪ್ಪುತ್ತದೆ.

ರಿಸೀವರ್ ಸರಿಯಾಗಿ ಇಡದೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಬಹಳಷ್ಟು ಲೈನ್‌ಗಳಲ್ಲಿ ಎಚ್ಚರಿಕೆಯ ಸದ್ದು ಬರುತ್ತದೆ. ಆಮೇಲೆ ಲೈನ್ ಮೌನವಾಗುತ್ತದೆ. ಆಗ ಯಾರೇ ಫೋನ್ ಮಾಡಿದರೂ ಅವರಿಗೆ ಎಂಗೇಜ್ ಎಂದೇ ಕೇಳುತ್ತದೆ. ‘ಬೆಳಿಗ್ಗೆಯಿಂದ ಮನೆ ಫೋನ್ ಎಂಗೇಜು’ ಎಂದು ಮಕ್ಕಳು ಗಾಬರಿಯಾಗುವ ಬಹುಪಾಲು ಸಲ ಕಾರಣ ಇಷ್ಟೇ. ಸುರುಳಿ ವೈರ್ ಸಿಕ್ಕಾಗಿ ರಿಸೀವರನ್ನು ಎಳೆದು ಓರೆ ಮಾಡಿರುತ್ತದೆ. ವೈರ್ ಬಿಚ್ಚಿ ಕೆಳಗೆ ಇಳಿಬಿಟ್ಟರೆ ಸಿಕ್ಕು ತಾನಾಗಿಯೇ ತಿರುಗಿ ಬಿಡಿಸಿಕೊಳ್ಳುತ್ತದೆ.

ನಂಬರ್ ಒತ್ತುವ ಕ್ರಮ

ಮೊಬೈಲಿನಲ್ಲಿ ಹೆಸರು ಒತ್ತಿ ಅಭ್ಯಾಸವಾದವರಿಗೆ ಇಲ್ಲಿ ಗೊಂದಲವಾಗುವುದು ಸಹಜ. ನಿಯಮಗಳು ನಾಲ್ಕೇ.

ನಿಮ್ಮದೇ ಊರಿನ ಲ್ಯಾಂಡ್‌ಲೈನಿಗೆ ಮಾಡುವಾಗ ನಂಬರ್ ಮಾತ್ರ ಸಾಕು, ಎಸ್‌ಟಿಡಿ ಕೋಡ್ ಬೇಡ. ಹಾಗೆ ಮಾಡಿ ಕಾಲ್ ಹೋಗದಿದ್ದರೆ ಕೋಡ್ ಸೇರಿಸಿ ನೋಡಿ.

ಬೇರೆ ಊರಿನ ಲ್ಯಾಂಡ್‌ಲೈನಿಗೆ ಎಸ್‌ಟಿಡಿ ಕೋಡ್ ಬೇಕು. ಬೆಂಗಳೂರಿಗೆ 080, ಮೈಸೂರಿಗೆ 0821, ಮಂಗಳೂರಿಗೆ 0824, ಹುಬ್ಬಳ್ಳಿ-ಧಾರವಾಡಕ್ಕೆ 0836, ಬೆಳಗಾವಿಗೆ 0831, ಶಿವಮೊಗ್ಗಕ್ಕೆ 08182, ಶಿರಸಿಗೆ 08384, ಕಲಬುರಗಿಗೆ 08472. ಬರೆದುಕೊಂಡ ನಂಬರ್ ಸರಿಯೇ ಎಂದು ನೋಡಲು ಒಂದು ಸುಲಭ ಲೆಕ್ಕ ಇದೆ. ಮೊದಲ ಸೊನ್ನೆ ಬಿಟ್ಟು, ಕೋಡ್ ಮತ್ತು ನಂಬರ್ ಸೇರಿಸಿ ಎಣಿಸಿದರೆ 10 ಅಂಕಿ ಬರಬೇಕು. ಬೆಂಗಳೂರಿನ ಕೋಡ್ ಚಿಕ್ಕದು, ಅದಕ್ಕೇ ಅಲ್ಲಿನ ನಂಬರ್ 8 ಅಂಕಿ. ಶಿವಮೊಗ್ಗದ ಕೋಡ್ ಉದ್ದ, ನಂಬರ್ 6 ಅಂಕಿ.

ಮೊಬೈಲಿಗೆ ಮಾಡುವಾಗ ಮುಂದೆ ಒಂದು ಸೊನ್ನೆ ಸೇರಿಸಲೇಬೇಕು. 2021ರ ಜನವರಿ 15ರಿಂದ ದೇಶದಲ್ಲೆಲ್ಲ ಇದೇ ನಿಯಮ. ಮೊದಲು ಊರೊಳಗಿನ ಮೊಬೈಲಿಗೆ ಸೊನ್ನೆ ಇಲ್ಲದೆಯೇ ಹೋಗುತ್ತಿತ್ತು. ಅದೇ ರೂಢಿ ಉಳಿದವರಿಗೆ ಕಾಲ್ ಹೋಗುವುದಿಲ್ಲ, ಸೊನ್ನೆ ಸೇರಿಸಿ ಎಂಬ ಪ್ರಕಟಣೆ ಕೇಳುತ್ತದೆ. ಫೋನಿನ ಪಕ್ಕದ ಹಳೆ ಡೈರಿಯಲ್ಲಿರುವ ಎಲ್ಲ ಮೊಬೈಲ್ ನಂಬರುಗಳ ಮುಂದೆ ಇವತ್ತೇ ಕೆಂಪು ಪೆನ್ನಿನಲ್ಲಿ 0 ಬರೆದುಬಿಡಿ. ಮೊಬೈಲಿನಿಂದ ಮೊಬೈಲಿಗೆ ಮಾಡುವಾಗ ಈ ಸೊನ್ನೆ ಬೇಕಿಲ್ಲ.

ಹೊರದೇಶಕ್ಕೆ ಮೊದಲು 00, ಆಮೇಲೆ ಆ ದೇಶದ ಕೋಡ್, ಆಮೇಲೆ ಅಲ್ಲಿನ ನಂಬರ್. ಮೊಬೈಲಿನಲ್ಲಿ ಇರುವ + ಗುರುತಿನ ಜಾಗದಲ್ಲಿ 00 ಎಂದುಕೊಳ್ಳಿ. ಅಮೆರಿಕಕ್ಕೆ 001, ದುಬೈಗೆ 00971. ನಿಮ್ಮ ಲೈನಿಗೆ ಐಎಸ್‌ಡಿ ಸೌಲಭ್ಯ ತೆರೆದಿರಬೇಕು, ಬಿಲ್ ಎಷ್ಟು ಬರುತ್ತದೆ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ. ಹೊರಗಿರುವ ಮಕ್ಕಳೇ ಮನೆಗೆ ಮಾಡುವುದು ಸಾಮಾನ್ಯವಾಗಿ ಸುಲಭ.

ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108. ಇವಕ್ಕೆ ಮುಂದೆ ಏನೂ ಸೇರಿಸಬಾರದು.

ಅಂಕಿಗಳ ನಡುವೆ ಜಾಸ್ತಿ ಹೊತ್ತು ನಿಲ್ಲಬೇಡಿ. ಡೈರಿ ನೋಡುತ್ತಾ ಎರಡು ಅಂಕಿ ಒತ್ತಿ, ಕನ್ನಡಕ ಹುಡುಕಿ, ಮತ್ತೆರಡು ಒತ್ತುವಷ್ಟರಲ್ಲಿ ಎಕ್ಸ್‌ಚೇಂಜ್ ಕಾಯುವುದನ್ನು ಬಿಟ್ಟಿರುತ್ತದೆ. ಮೊದಲು ನಂಬರ್ ಎದುರಿಗೆ ಇಟ್ಟುಕೊಂಡು ಆಮೇಲೆ ರಿಸೀವರ್ ಎತ್ತಿ. ಕಣ್ಣು ಮಂಜಾದವರಿಗೆ ಒಂದು ಗುರುತು: 5ರ ಬಟನ್ ಮೇಲೆ ಒಂದು ಪುಟ್ಟ ಉಬ್ಬು ಇರುತ್ತದೆ. ನಡುಬೆರಳು ಅಲ್ಲಿಟ್ಟರೆ ಮೇಲೆ 2, ಕೆಳಗೆ 8, ಎಡಕ್ಕೆ 4, ಬಲಕ್ಕೆ 6. ನೋಡದೆಯೇ ಡಯಲ್ ಮಾಡಬಹುದು.

‘ಪಿ’ ಮತ್ತು ‘ಟಿ’: ಆ ಪುಟ್ಟ ಸ್ವಿಚ್

ಸೆಟ್ಟಿನ ಬದಿಯಲ್ಲೋ ತಳದಲ್ಲೋ ‘ಪಿ’ ಮತ್ತು ‘ಟಿ’ ಎಂದು ಬರೆದ ಚಿಕ್ಕ ಸ್ವಿಚ್ ಇರಬಹುದು. ‘ಪಿ’ ಎಂದರೆ ಪಲ್ಸ್, ‘ಟಿ’ ಎಂದರೆ ಟೋನ್. ಇವತ್ತು ಅದು ‘ಟಿ’ಯಲ್ಲೇ ಇರಬೇಕು.

ಹಿಂದೆ ಬೆರಳಿಟ್ಟು ತಿರುಗಿಸುವ ಡಯಲ್ ಇದ್ದ ಕಪ್ಪು ಫೋನುಗಳು ಪಲ್ಸ್ ಪದ್ಧತಿಯವು. ಡಯಲ್ ವಾಪಸ್ ಬರುವಾಗ ಅದು ಲೈನನ್ನು ಪಟಪಟ ಕಡಿದು ಕೂಡಿಸುತ್ತಿತ್ತು. 5 ತಿರುಗಿಸಿದರೆ 5 ಸಲ, 0 ತಿರುಗಿಸಿದರೆ 10 ಸಲ. ಸೆಕೆಂಡಿಗೆ ಸುಮಾರು 10 ಏಟು. ಎಕ್ಸ್‌ಚೇಂಜ್ ಅದನ್ನು ಎಣಿಸಿ ಅಂಕಿ ತಿಳಿಯುತ್ತಿತ್ತು. ಅಂಥ ಗಟ್ಟಿಮುಟ್ಟು ಫೋನುಗಳನ್ನು ಬೆಂಗಳೂರಿನ ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಯಾರಿಸುತ್ತಿತ್ತು. 1948ರಲ್ಲಿ ಶುರುವಾದ ಆ ಕಾರ್ಖಾನೆಯಿಂದಲೇ ಆ ಬಡಾವಣೆಗೆ ಹೆಸರು ಬಂದದ್ದು. ಹಳ್ಳಿಗಳಿಗೆಂದೇ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಪೋರ್ಟಿನ (ಲೈನ್ ಜೋಡಿಸುವ ಜಾಗದ) ಪುಟ್ಟ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು ಕೂಡ ನಮ್ಮ ಕಿತ್ತೂರಿನಲ್ಲೇ, 1986ರಲ್ಲಿ. ನಮ್ಮ ಹಳ್ಳಿಗಳಿಗೆ ಫೋನ್ ಬಂದ ಕಥೆಯಲ್ಲಿ ಈ ಎರಡು ಊರುಗಳ ಹೆಸರು ಜಾಸ್ತಿ ಜನಕ್ಕೆ ನೆನಪಿರಬೇಕು ಎಂದು ನನ್ನ ಆಸೆ.

ಟೋನ್ ಪದ್ಧತಿಯಲ್ಲಿ ಪ್ರತಿ ಬಟನ್ನಿಗೂ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ. 5 ಒತ್ತಿದರೆ 770 ಹರ್ಟ್ಸ್‌ನ ಒಂದು, 1336 ಹರ್ಟ್ಸ್‌ನ ಇನ್ನೊಂದು. ಅಡ್ಡ ಸಾಲಿಗೊಂದು ಸ್ವರ, ಉದ್ದ ಸಾಲಿಗೊಂದು ಸ್ವರ. ಎರಡೂ ಸೇರಿದ ಕಡೆ ಯಾವ ಬಟನ್ ಎಂದು ಎಕ್ಸ್‌ಚೇಂಜಿಗೆ ಗೊತ್ತಾಗುತ್ತದೆ. ಅಮೆರಿಕದಲ್ಲಿ 1963ರಲ್ಲಿ ಬಳಕೆಗೆ ಬಂದ ಈ ಪದ್ಧತಿ ಇವತ್ತಿಗೂ ಹಾಗೇ ನಡೆಯುತ್ತಿದೆ.

ಸ್ವಿಚ್ ಎಲ್ಲಿದೆ ಎಂದು ಕಿವಿಯಿಂದಲೇ ತಿಳಿಯಬಹುದು. ಬಟನ್ ಒತ್ತಿದಾಗ ‘ಪೀಂ’ ಎಂದು ಸ್ವರ ಬಂದರೆ ಟೋನ್. ‘ಟಕ್ ಟಕ್ ಟಕ್’ ಎಂದರೆ ಪಲ್ಸ್. ಪಲ್ಸ್‌ನಲ್ಲಿದ್ದರೆ ತಾಮ್ರದ ಲೈನಿನಲ್ಲಿ ಕಾಲ್ ಹೋದರೂ ಹೋಗಬಹುದು. ಆದರೆ ಬ್ಯಾಂಕಿಗೋ ಗ್ಯಾಸ್ ಬುಕಿಂಗಿಗೋ ಮಾಡಿದಾಗ ‘ಕನ್ನಡಕ್ಕಾಗಿ ಇಂಥ ಅಂಕಿ ಒತ್ತಿ’ ಎನ್ನುತ್ತಾರಲ್ಲ, ಅಲ್ಲಿ ನೀವು ಎಷ್ಟು ಒತ್ತಿದರೂ ಆ ಕಡೆಗೆ ಕೇಳಿಸುವುದಿಲ್ಲ. ಫೈಬರ್ ಪೆಟ್ಟಿಗೆಗಳಲ್ಲಿ ಬಹಳಷ್ಟಕ್ಕೆ ಪಲ್ಸ್ ಅರ್ಥವೇ ಆಗುವುದಿಲ್ಲ, ಡಯಲ್ ಟೋನ್ ಗುಂಯ್‌ಗುಟ್ಟುತ್ತಲೇ ಇರುತ್ತದೆ. ಧೂಳು ಒರೆಸುವಾಗ ಈ ಸ್ವಿಚ್ ಜರುಗುವುದುಂಟು.

ಉಳಿದ ಬಟನ್‌ಗಳು

ರೀಡಯಲ್ ಸುಲಭ. ಕೊನೆಗೆ ಒತ್ತಿದ ನಂಬರನ್ನು ಮತ್ತೆ ಒತ್ತುತ್ತದೆ. ರಿಸೀವರ್ ಎತ್ತಿ, ಡಯಲ್ ಟೋನ್ ಕೇಳಿ, ರೀಡಯಲ್ ಒತ್ತಿ. ಎಂಗೇಜ್ ಬಂದಾಗ ಇದಕ್ಕಿಂತ ಒಳ್ಳೆಯ ಬಟನ್ ಇಲ್ಲ. ಒಂದು ಎಚ್ಚರ: ಬ್ಯಾಂಕಿಗೆ ಫೋನ್ ಮಾಡಿದಾಗ ಗುಟ್ಟಿನ ಪಿನ್ ನಂಬರ್ ಒತ್ತಿದ್ದರೆ ಅದೂ ರೀಡಯಲ್ ನೆನಪಿನಲ್ಲಿ ಉಳಿದಿರಬಹುದು. ಆಮೇಲೆ ಬೇರೆ ಯಾವುದಾದರೂ ನಂಬರಿಗೆ ಒಮ್ಮೆ ಮಾಡಿಬಿಡಿ.

ಫ್ಲ್ಯಾಶ್ ಬಟನ್ನಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದರ ಬಗ್ಗೆಯೇ ಜನಕ್ಕೆ ಹೆಚ್ಚು ಅನುಮಾನ. ಫ್ಲ್ಯಾಶ್ ಒತ್ತಿದರೆ ಫೋನ್ ಲೈನನ್ನು ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು ಕಡಿದು ಮತ್ತೆ ಕೂಡಿಸುತ್ತದೆ. ಸೆಟ್ಟಿಗೆ ತಕ್ಕಂತೆ 100, 300 ಅಥವಾ 600 ಮಿಲಿಸೆಕೆಂಡ್. ಎಕ್ಸ್‌ಚೇಂಜ್ ಇದನ್ನು ‘ಕಾಲ್ ಮುಗೀತು’ ಎಂದು ತಿಳಿಯುವುದಿಲ್ಲ, ‘ಗಮನ ಕೊಡು, ಏನೋ ಹೇಳಬೇಕು’ ಎಂದು ತಿಳಿಯುತ್ತದೆ. ರಿಸೀವರ್ ಇಡುವ ಜಾಗದ ಗುಂಡಿಯನ್ನು ಕೈಯಲ್ಲಿ ಒಮ್ಮೆ ತಟ್ಟಿದರೂ ಇದೇ ಕೆಲಸ ಆಗುತ್ತದೆ. ಆದರೆ ಬೆರಳು ಸ್ವಲ್ಪ ನಿಂತರೂ ಕಾಲ್ ಕಟ್ಟಾಗುತ್ತದೆ. ಬಟನ್ ಇರುವಾಗ ಬಟನ್ನನ್ನೇ ಒತ್ತಿ.

ಇದು ಎಲ್ಲಿ ಬೇಕಾಗುತ್ತದೆ? ನೀವು ತಂಗಿಯ ಜೊತೆ ಮಾತಾಡುತ್ತಿದ್ದೀರಿ. ನಡುವೆ ಕಿವಿಯಲ್ಲಿ ‘ಬೀಪ್’ ಬಂತು. ಕಾಲ್ ವೇಟಿಂಗ್ ಸೌಲಭ್ಯ ಇರುವ ಲೈನಿನಲ್ಲಿ ಇನ್ನೊಬ್ಬರು ಫೋನ್ ಮಾಡುತ್ತಿದ್ದಾರೆ ಎಂದು ಇದರ ಅರ್ಥ. ತಂಗಿಗೆ ‘ಒಂದ್ ನಿಮಿಷ ಇರು’ ಎಂದು ಹೇಳಿ ಫ್ಲ್ಯಾಶ್ ಒತ್ತಿ. ಕೆಲವು ಲೈನ್‌ಗಳಲ್ಲಿ ಕೂಡಲೇ ಹೊಸ ಕಾಲ್ ಸಿಗುತ್ತದೆ. ಇನ್ನು ಕೆಲವದರಲ್ಲಿ ಫ್ಲ್ಯಾಶ್ ಆದ ಮೇಲೆ ಡಯಲ್ ಟೋನ್ ಥರದ ಸದ್ದು ಬರುತ್ತದೆ, ಆಗ 2 ಒತ್ತಬೇಕು. ಮತ್ತೆ ಅದೇ ಕ್ರಮ ಮಾಡಿದರೆ ತಂಗಿ ವಾಪಸ್ ಸಿಗುತ್ತಾಳೆ. ಪ್ರತಿ ಸಲ ಫ್ಲ್ಯಾಶ್ ಒತ್ತಿದಾಗಲೂ ಕಾಲ್ ಕಟ್ಟಾಗುತ್ತಿದ್ದರೆ ಸೆಟ್ಟಿನ ಫ್ಲ್ಯಾಶ್ ಸಮಯ ನಿಮ್ಮ ಲೈನಿಗೆ ಉದ್ದವಾಯಿತು. ಏನೂ ಆಗದಿದ್ದರೆ ಚಿಕ್ಕದಾಯಿತು. ಸೆಟ್ಟಿನಲ್ಲಿ ಸಮಯ ಬದಲಿಸಲು ಆಗುವುದಾದರೆ ಬದಲಿಸಿ ನೋಡಿ. ಮನೆಯವರಿಬ್ಬರು ಎರಡು ಮೊಬೈಲಿನಿಂದ ಈ ಲೈನಿಗೇ ಒಬ್ಬರಾದ ಮೇಲೊಬ್ಬರು ಮಾಡಿ ಒಮ್ಮೆ ಅಭ್ಯಾಸ ಮಾಡಿಕೊಂಡರೆ ನಿಜವಾದ ಕಾಲ್ ಬಂದಾಗ ಕೈ ನಡುಗುವುದಿಲ್ಲ.

ಮ್ಯೂಟ್ ಮತ್ತು ಹೋಲ್ಡ್ ಒಂದೇ ಅಲ್ಲ. ಮ್ಯೂಟ್ ಒತ್ತಿದರೆ ನಿಮ್ಮ ಮಾತು ಆ ಕಡೆಗೆ ಹೋಗುವುದಿಲ್ಲ, ಅವರ ಮಾತು ನಿಮಗೆ ಕೇಳುತ್ತಿರುತ್ತದೆ. ರಿಸೀವರ್ ಕೈಯಲ್ಲೇ ಇರಬೇಕು, ಇಟ್ಟರೆ ಕಾಲ್ ಕಟ್. ಹೋಲ್ಡ್ ಒತ್ತಿದರೆ ಲೈನ್ ಹಿಡಿದಿಟ್ಟಂತೆ, ಹಲವು ಸೆಟ್‌ಗಳಲ್ಲಿ ಆ ಕಡೆಯವರಿಗೆ ಸಂಗೀತ ಕೇಳುತ್ತದೆ, ರಿಸೀವರ್ ಇಟ್ಟರೂ ಕಾಲ್ ಉಳಿಯುತ್ತದೆ. ಅಜ್ಜಿಯನ್ನು ಹಿತ್ತಲಿನಿಂದ ಕರೆದು ತರಬೇಕಾದರೆ ಹೋಲ್ಡ್. ಪಕ್ಕದವರನ್ನು ಒಂದು ಮಾತು ಕೇಳಬೇಕಾದರೆ ಮ್ಯೂಟ್. ಆ ಕಡೆಯವರು ‘ಹಲೋ ಹಲೋ’ ಎನ್ನುತ್ತಲೇ ಇದ್ದರೆ ಮ್ಯೂಟ್ ಬಟನ್ ಒತ್ತಿಹೋಗಿದೆಯೇ ಎಂದು ಮೊದಲು ನೋಡಿ.

ಸ್ಪೀಕರ್ ಇರುವ ಸೆಟ್ಟಿನಲ್ಲಿ ರಿಸೀವರ್ ಎತ್ತದೆಯೇ ಡಯಲ್ ಮಾಡಬಹುದು. ರಿಂಗ್ ಸದ್ದು ಹೆಚ್ಚು-ಕಡಿಮೆ ಮಾಡುವ ಸ್ವಿಚ್ ಬೇರೆ, ಮಾತಿನ ಸದ್ದಿನದು ಬೇರೆ. ರಿಂಗ್ ಸ್ವಿಚ್ ‘ಆಫ್’ಗೆ ಹೋಗಿದ್ದರೆ ಫೋನ್ ಸರಿ ಇದ್ದೂ ಯಾವ ಕಾಲೂ ಕೇಳುವುದಿಲ್ಲ. ಪಾಸ್ (Pause, ಸ್ವಲ್ಪ ನಿಲ್ಲುವ) ಬಟನ್ ಆಫೀಸುಗಳಲ್ಲಿ, ಹೊರಗಿನ ಲೈನಿಗೆ ಮೊದಲು ಒಂದು ಅಂಕಿ ಒತ್ತಿ ಕಾಯಬೇಕಾದ ಕಡೆ ಬೇಕು. ಮನೆಗೆ ಬೇಡ.

ಹಿರಿಯರಿರುವ ಮನೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಮೆಮೊರಿ ಬಟನ್‌ಗಳಿಗೆ. ಎಂ1, ಎಂ2, ಎಂ3 ಎಂದು ಪ್ರತ್ಯೇಕ ಬಟನ್ ಇರುವ ಸೆಟ್ ಸಿಕ್ಕರೆ ಅದನ್ನೇ ತನ್ನಿ. ನಂಬರ್ ಸೇರಿಸುವ ಕ್ರಮ ಸೆಟ್ಟಿನಿಂದ ಸೆಟ್ಟಿಗೆ ಸ್ವಲ್ಪ ಬೇರೆ, ಆದರೆ ಸಾಮಾನ್ಯವಾಗಿ ಹೀಗಿರುತ್ತದೆ:

1. ‘ಸ್ಟೋರ್’ ಅಥವಾ ‘ಪ್ರೋಗ್ರಾಂ’ ಎಂಬ ಬಟನ್ ಒತ್ತಿ. ಕೆಲವು ಸೆಟ್‌ಗಳಲ್ಲಿ ಮೊದಲು ರಿಸೀವರ್ ಎತ್ತಬೇಕು.
2. ಪೂರ್ತಿ ನಂಬರ್ ಒತ್ತಿ. ಮೊಬೈಲ್ ಆದರೆ ಮುಂದಿನ 0 ಸೇರಿಸಿ, ಬೇರೆ ಊರಾದರೆ ಎಸ್‌ಟಿಡಿ ಕೋಡ್ ಸೇರಿಸಿ.
3. ಯಾವ ಬಟನ್ನಿಗೆ ಬೇಕೋ ಅದನ್ನು ಒತ್ತಿ. ಕೆಲವದರಲ್ಲಿ ಅದಕ್ಕೆ ಮೊದಲು ‘ಸ್ಟೋರ್’ ಇನ್ನೊಮ್ಮೆ ಒತ್ತಬೇಕು.
4. ರಿಸೀವರ್ ಎತ್ತಿದ್ದರೆ ಇಡಿ. ಆಮೇಲೆ ಎತ್ತಿ, ಡಯಲ್ ಟೋನ್ ಕೇಳಿ, ಆ ಒಂದು ಬಟನ್ ಒತ್ತಿ. ಸರಿಯಾದವರಿಗೆ ಹೋಯಿತೇ ಎಂದು ಮಾತಾಡಿಯೇ ಖಚಿತ ಮಾಡಿಕೊಳ್ಳಿ.

ಬಟನ್ ಪಕ್ಕ ಆಯಾ ಜನರ ಪುಟ್ಟ ಫೋಟೋ ಅಂಟಿಸಿ. ಓದು ಬಾರದವರಿಗೂ, ಮರೆವು ಇರುವವರಿಗೂ ಇದರಿಂದ ಆಗುವ ಉಪಕಾರ ದೊಡ್ಡದು. ಮೊದಲ ಬಟನ್ ಹತ್ತಿರದಲ್ಲೇ ಇರುವವರದ್ದಾಗಲಿ, ಅಂದರೆ ಐದು ನಿಮಿಷದಲ್ಲಿ ಮನೆಗೆ ಬರಬಲ್ಲ ನೆರೆಮನೆಯವರೋ ನೆಂಟರೋ. ದುಬೈನ ಮಗ ಎರಡನೆಯ ಬಟನ್ನಿನಲ್ಲಿ ಇರಲಿ. ಬ್ಯಾಟರಿ ತೆಗೆದಾಗ, ಸೆಟ್ ಬಿಚ್ಚಿಟ್ಟಾಗ ಕೆಲವು ಸೆಟ್‌ಗಳು ಈ ನೆನಪನ್ನು ಕಳೆದುಕೊಳ್ಳುತ್ತವೆ. ಆಮೇಲೆ ಪ್ರತಿ ಬಟನ್ನನ್ನೂ ಒಮ್ಮೆ ಒತ್ತಿ ನೋಡಿ.

ಬಂದ ನಂಬರ್ ನೋಡುವುದು

ಸ್ಕ್ರೀನ್ ಇದ್ದ ಮಾತ್ರಕ್ಕೆ ನಂಬರ್ ಕಾಣುವುದಿಲ್ಲ. ಲೈನಿಗೆ ಕಾಲರ್ ಐಡಿ ಸೌಲಭ್ಯ ತೆರೆದಿರಬೇಕು. ತೆರೆದಿದ್ದರೂ ರಿಂಗ್ ಆದ ಕೂಡಲೇ ಹಾರಿ ಎತ್ತಿದರೆ ನಂಬರ್ ಕಾಣದೇ ಹೋಗಬಹುದು. ಕೆಲವು ಲೈನ್‌ಗಳಲ್ಲಿ ಮೊದಲ ರಿಂಗಿಗೂ ಎರಡನೆಯದಕ್ಕೂ ನಡುವಿನ ಮೌನದಲ್ಲಿ ನಂಬರ್ ಬರುತ್ತದೆ. ಎರಡನೇ ರಿಂಗ್ ಕೇಳಿದ ಮೇಲೆ ಸ್ಕ್ರೀನ್ ನೋಡಿ ಎತ್ತಿ.

ಮೇಲೆ-ಕೆಳಗೆ ಬಾಣದ ಗುರುತಿನ ಬಟನ್ ಒತ್ತಿದರೆ ಹಿಂದೆ ಬಂದ ನಂಬರುಗಳು ಕಾಣುತ್ತವೆ. ಇಲ್ಲೊಂದು ತೊಡಕು ಇದೆ. ಮೊಬೈಲಿನಿಂದ ಬಂದ ನಂಬರ್ ಎಷ್ಟೋ ಸಲ ಮುಂದಿನ ಸೊನ್ನೆ ಇಲ್ಲದೆ 10 ಅಂಕಿಯಾಗಿ ಕಾಣುತ್ತದೆ. ಅಲ್ಲಿಂದಲೇ ಡಯಲ್ ಒತ್ತಿದರೆ ಕಾಲ್ ಹೋಗುವುದಿಲ್ಲ. ನಂಬರನ್ನು ಕಾಗದದಲ್ಲಿ ಬರೆದುಕೊಂಡು ಮುಂದೆ 0 ಸೇರಿಸಿ ಕೈಯಿಂದ ಒತ್ತಿ.

ಮೋಸದ ಕಾಲುಗಳು ಲ್ಯಾಂಡ್‌ಲೈನಿಗೂ ಬರುತ್ತವೆ. ‘ಎರಡು ಗಂಟೆಯಲ್ಲಿ ನಿಮ್ಮ ಫೋನ್ ಬಂದ್ ಆಗುತ್ತದೆ, 9 ಒತ್ತಿ’ ಎಂದು ರೆಕಾರ್ಡ್ ಮಾಡಿದ ದನಿ ಬಂದರೆ ಏನನ್ನೂ ಒತ್ತದೆ ಇಟ್ಟುಬಿಡಿ. ಪೊಲೀಸ್ ಎಂದು ಹೆದರಿಸಿದರೂ ಅಷ್ಟೇ. ಫೋನಿನಲ್ಲಿ ಯಾರನ್ನೂ ಅರೆಸ್ಟ್ ಮಾಡಲು ಆಗುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕರೆಂಟ್ ಮತ್ತು ಸಿಡಿಲು

ತಾಮ್ರದ ಲೈನಿನ ದೊಡ್ಡ ಗುಣ ಏನೆಂದರೆ ಮನೆಯಲ್ಲಿ ಕರೆಂಟ್ ಹೋದರೂ ಫೋನ್ ನಡೆಯುತ್ತದೆ. ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಸುಮಾರು 48 ವೋಲ್ಟ್ ಆ ಎರಡು ತಂತಿಗಳಲ್ಲೇ ಬರುತ್ತದೆ. ಫೈಬರಿನಲ್ಲಿ ಈ ಅನುಕೂಲ ಇಲ್ಲ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ದೀಪ ಮಿನುಗುವ ಆ ಪೆಟ್ಟಿಗೆ ಆರಿದರೆ ಫೋನೂ ಸತ್ತಂತೆ. ಹಾಗಾಗಿ ಫೈಬರ್ ಮನೆಯಲ್ಲಿ ಪೆಟ್ಟಿಗೆಯನ್ನು ಇನ್ವರ್ಟರ್ ಇರುವ ಪ್ಲಗ್ಗಿಗೇ ಹಾಕಿ. ಇನ್ವರ್ಟರ್ ಇಲ್ಲದಿದ್ದರೆ ಇಂಥ ಪೆಟ್ಟಿಗೆಗೆಂದೇ ಸಿಗುವ ಪುಟ್ಟ ಯುಪಿಎಸ್ (ಬ್ಯಾಟರಿ ಡಬ್ಬಿ) ತನ್ನಿ. ಹಿರಿಯರು ಮಾತ್ರ ಇರುವ ಮನೆಗೆ ಇದು ಫೋನಿನಷ್ಟೇ ಮುಖ್ಯ.

ಸಿಡಿಲಿನ ವಿಷಯದಲ್ಲಿ ದಯವಿಟ್ಟು ಸಡಿಲ ಬಿಡಬೇಡಿ. ಮರಗಳ ನಡುವೆ, ಕಂಬದಿಂದ ಕಂಬಕ್ಕೆ ಕಿಲೋಮೀಟರ್‌ಗಟ್ಟಲೆ ಎಳೆದ ತಾಮ್ರದ ತಂತಿ ದೂರದಲ್ಲಿ ಬಿದ್ದ ಸಿಡಿಲನ್ನೂ ಮನೆಯೊಳಗೆ ತರಬಲ್ಲದು. ಏಪ್ರಿಲ್-ಮೇ ತಿಂಗಳ ಮುಂಗಾರು ಪೂರ್ವದ ಮಳೆಯಲ್ಲಿ, ಅಕ್ಟೋಬರಿನ ಸಂಜೆಗಳಲ್ಲಿ ಕರಾವಳಿ-ಮಲೆನಾಡಿನವರಿಗೆ ಇದು ಚೆನ್ನಾಗಿ ಗೊತ್ತು. ಮೋಡ ಕಟ್ಟಿ ದೂರದಲ್ಲಿ ಗುಡುಗು ಶುರುವಾದಾಗಲೇ ರೋಸೆಟ್ಟಿನಿಂದ ಪಿನ್ ತೆಗೆಯಿರಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ತೆಗೆಯಲು ಹೋಗಬೇಡಿ, ವೈರನ್ನು ಮುಟ್ಟಲೇಬೇಡಿ, ರಿಂಗ್ ಆದರೂ ಎತ್ತಬೇಡಿ. ಆಗ ತುರ್ತು ಇದ್ದರೆ ಮೊಬೈಲ್ ಬಳಸಿ. ಮಳೆ ನಿಂತ ಮೇಲೆ ಪಿನ್ ಮತ್ತೆ ಹಾಕಲು ಮರೆಯುವುದು ಬಹಳ. ಹಾಕಿ, ಎತ್ತಿ, ಡಯಲ್ ಟೋನ್ ಕೇಳಿ.

ಫೋನ್ ಸತ್ತಾಗ

ದೂರು ಕೊಡುವ ಮೊದಲು ಹತ್ತು ನಿಮಿಷ ನೀವೇ ನೋಡಿ. ಮನೆಯಲ್ಲಿ ಒಂದೇ ಲೈನಿಗೆ ಎರಡು ಫೋನ್ ಇದ್ದರೆ ಇನ್ನೊಂದರ ರಿಸೀವರ್ ಸರಿಯಾಗಿ ಕೂತಿದೆಯೇ ನೋಡಿ. ಅದು ಎದ್ದಿದ್ದರೆ ಇದರಲ್ಲಿ ಏನೂ ಬರುವುದಿಲ್ಲ. ಆಮೇಲೆ ಎಲ್ಲ ಪಿನ್‌ಗಳನ್ನು ಒಂದೊಂದಾಗಿ ತೆಗೆದು ‘ಟಿಕ್’ ಎನ್ನುವಂತೆ ಹಾಕಿ. ಫೈಬರ್ ಆದರೆ ಪೆಟ್ಟಿಗೆಯನ್ನು ಆರಿಸಿ, ಒಂದು ನಿಮಿಷ ಬಿಟ್ಟು ಹಚ್ಚಿ, ಫೋನಿನ ದೀಪ ಬರುವ ತನಕ ಕಾಯಿರಿ.

ಆದರೂ ಸದ್ದಿಲ್ಲದಿದ್ದರೆ ನೆರೆಮನೆಯಿಂದ ಒಂದು ಸೆಟ್ ತಂದು ನಿಮ್ಮ ಲೈನಿಗೆ ಹಾಕಿ. ಅದರಲ್ಲಿ ಡಯಲ್ ಟೋನ್ ಬಂದರೆ ನಿಮ್ಮ ಸೆಟ್ಟಿನದೋ ವೈರಿನದೋ ತಪ್ಪು, ಬರದಿದ್ದರೆ ಲೈನಿನದು. ಮಾತಿನ ನಡುವೆ ಕರಕರ ಎನ್ನುತ್ತಿದ್ದರೆ ಸುರುಳಿ ವೈರನ್ನು ಸ್ವಲ್ಪ ಅಲ್ಲಾಡಿಸಿ. ಅಲ್ಲಾಡಿಸಿದಾಗ ಕರಕರ ಜಾಸ್ತಿಯಾದರೆ ಆ ವೈರ್ ಒಳಗೆ ತುಂಡಾಗಿದೆ. ಬದಲಿ ವೈರ್ ಫೋನ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಮಳೆ ಬಂದ ದಿನ ಮಾತ್ರ ಕರಕರ ಎಂದರೆ ಹೊರಗಿನ ಜೋಡಣೆಯಲ್ಲಿ ನೀರು ಇಳಿದಿದೆ, ಅದು ಲೈನ್‌ಮ್ಯಾನ್ ಕೆಲಸ.

ದೂರು ಕೊಡುವಾಗ ‘ಫೋನ್ ಸರಿಯಿಲ್ಲ’ ಎಂದಷ್ಟೇ ಹೇಳಬೇಡಿ. ‘ಡಯಲ್ ಟೋನ್ ಇಲ್ಲ, ಬೇರೆ ಸೆಟ್ ಹಾಕಿ ನೋಡಿದೆ, ಆಗಲೂ ಇಲ್ಲ’ ಎನ್ನಿ. ‘ಡಯಲ್ ಟೋನ್ ಇದೆ, ಮೊಬೈಲಿಗೆ ಮಾತ್ರ ಹೋಗುತ್ತಿಲ್ಲ, 0 ಸೇರಿಸಿದ್ದೇನೆ’ ಎನ್ನಿ. ಬರುವವರಿಗೆ ಯಾವ ಸಾಮಾನು ತರಬೇಕು, ಕಂಬಕ್ಕೆ ಹೋಗಬೇಕೋ ಮನೆಗೆ ಬರಬೇಕೋ ಎಂಬುದು ಆಗಲೇ ಗೊತ್ತಾಗುತ್ತದೆ. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ಫೋನಿನ ಪಕ್ಕದ ಕಾರ್ಡ್

ಕೊನೆಯ ಕೆಲಸ, ಹತ್ತು ನಿಮಿಷದ್ದು. ಒಂದು ದಪ್ಪ ರಟ್ಟಿನ ಮೇಲೆ ದೊಡ್ಡ ಕನ್ನಡ ಅಂಕಿಗಳಲ್ಲೋ ಇಂಗ್ಲಿಷ್ ಅಂಕಿಗಳಲ್ಲೋ, ಮನೆಯವರು ಯಾವುದನ್ನು ಬೇಗ ಓದುತ್ತಾರೋ ಅದರಲ್ಲಿ, ಬರೆಯಿರಿ. ಮೇಲೆ 112 ಮತ್ತು 108. ಕೆಳಗೆ ಹತ್ತಿರದವರ ನಂಬರುಗಳು, ಮೊಬೈಲಿಗೆಲ್ಲ ಮುಂದೆ 0 ಸೇರಿಸಿ. ಅದರ ಕೆಳಗೆ ಡಾಕ್ಟರು, ಫೋನ್ ದೂರಿನ ನಂಬರ್, ಗ್ಯಾಸ್. ಸ್ವಂತ ಮನೆಯ ನಂಬರನ್ನು ಎಸ್‌ಟಿಡಿ ಕೋಡ್ ಸಮೇತ ಬರೆಯಿರಿ. ತಮ್ಮದೇ ನಂಬರ್ ಕೇಳಿದಾಗ ತಡವರಿಸುವವರು ಬಹಳ ಮಂದಿ. ಮನೆಯ ವಿಳಾಸ, ಹತ್ತಿರದ ಗುರುತು, ರಸ್ತೆಯಿಂದ ಒಳಗೆ ತಿರುಗುವ ಜಾಗ, ಇವನ್ನು ಎರಡೇ ಸಾಲಿನಲ್ಲಿ ಬರೆಯಿರಿ. ಆಂಬುಲೆನ್ಸಿನವರು ಕೇಳಿದಾಗ ಗಾಬರಿಯಲ್ಲಿ ನೆನಪು ಮಾಡಿಕೊಳ್ಳಬೇಕಿಲ್ಲ, ಓದಿ ಹೇಳಿದರೆ ಆಯಿತು. ಕಾರ್ಡನ್ನು ಪ್ಲಾಸ್ಟಿಕ್ ಹಾಕಿಸಿ, ಕೂತರೆ ಕಣ್ಣಿಗೆ ನೇರ ಕಾಣುವ ಎತ್ತರಕ್ಕೆ ಗೋಡೆಗೆ ಅಂಟಿಸಿ. ಫೋನಿನ ಪಕ್ಕ ಒಂದು ಕುರ್ಚಿ, ಮೇಲೊಂದು ದೀಪ, ದಾರ ಕಟ್ಟಿದ ಪೆನ್ನು, ಒಂದು ನೋಟ್‌ಬುಕ್ ಇರಲಿ. ಆಮೇಲೆ ಮನೆಯವರನ್ನೇ ಕೂರಿಸಿ, ನೀವು ಪಕ್ಕದಲ್ಲಿ ನಿಂತು, ಕಾರ್ಡ್ ನೋಡಿ ಒಬ್ಬರಿಗೆ ಅವರಿಂದಲೇ ಫೋನ್ ಮಾಡಿಸಿ.